ಮುಡಿಪಿನ ಬೆಲ್ಲ

ಅತ್ತೆ, ನಿಮ್ಮ ಹರಕೆಯ ಬೆಲ್ಲವನ್ನು ಆನೆ ತಿನ್ನಲಿಲ್ಲ. ತಿಂದವಳು ನಾನು. ಹನ್ನೊಂದು ವರ್ಷದಿಂದ ಈ ಮಾತು ಗಂಟಲಲ್ಲೇ ಇದೆ — ಇವತ್ತು ಬರೆದಾದರೂ ಹೇಳಿಬಿಡುತ್ತೇನೆ.

ಪಲ್ಲವಿ ಕಾಮಾಲೆಯಾಗಿ ಎಂ.ಸಿ.ಸಿ. ಬಡಾವಣೆಯ ಮನೆಯಲ್ಲಿ ಮಲಗಿದ್ದ ದಿನಗಳು ನಿಮಗೆ ನೆನಪಿರಬೇಕು. ಮೊಮ್ಮಗಳು ಎದ್ದು ಓಡಾಡಿದರೆ ಸಾಕ್ಷಾತ್ ಆನೆಗೇ ಬೆಲ್ಲ-ಕೊಬ್ಬರಿ ತಿನ್ನಿಸುತ್ತೇನೆಂದು ನೀವು ಗಣಪನಿಗೆ ಹರಸಿಕೊಂಡಿರಿ. ಅವಳು ಎದ್ದಳು. ಲೋಕಿಕೆರೆಯಿಂದ ಅಚ್ಚುಬೆಲ್ಲ ತರಿಸಿ, ಕೊಬ್ಬರಿಯ ಜೊತೆ ಅರಿಶಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿ, ಮಂಡಿನೋವಿನಿಂದ ನಿಮಗೆ ಬರಲಾಗದೆ ನನ್ನ ಕೈಗೆ ಕೊಟ್ಟಿರಿ. ಮಗನಿಗಲ್ಲ, ಮಗಳಿಗಲ್ಲ — ನನಗೆ.

ಶಿವಮೊಗ್ಗದಾಚೆಯ ಆ ಕಾಡಿನ ಆನೆ ಬಿಡಾರ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹಿನ್ನೀರಿನಲ್ಲಿ ಮಗ್ಗುಲಾಗಿ ಮಲಗಿ ಮೈ ತಿಕ್ಕಿಸಿಕೊಳ್ಳುತ್ತಿದ್ದ ಆನೆಗಳು, ತಾಯಿಯ ಕಾಲಡಿ ನುಸುಳುತ್ತಿದ್ದ ಮರಿ, ಅಪ್ಪನ ಹೆಗಲೇರಿ ಕಿಲಕಿಲ ನಗುತ್ತಿದ್ದ ಪಲ್ಲವಿ... ಅಂಥ ಬೆಳಗು ನಮಗೆ ಮತ್ತೆ ಸಿಗಲಿಲ್ಲ. ನಾನು ಗಂಟು ಬಿಚ್ಚುವಷ್ಟರಲ್ಲಿ ಕಾವಲಿನವನು ತಡೆದ. ಹೊರಗಿನ ತಿನಿಸು ಆನೆಯ ಹೊಟ್ಟೆಗೆ ಒಳ್ಳೆಯದಲ್ಲ ಎಂದ. ಸರಿಯಾದ ಮಾತು. ಗಂಟನ್ನು ಹಾಗೇ ತಂದು ನಿಮ್ಮ ಮುಂದಿಡಬಹುದಿತ್ತು —

ಇಡಲಿಲ್ಲ. ನಮ್ಮ ಜೊತೆ ಬಂದಿದ್ದ ನಾದಿನಿಯನ್ನು ಅವಳ ಮನೆಗೆ ಬಿಡಲು ಹರಿಹರಕ್ಕೆ ಬಂದಾಗ ಎಲ್ಲರಿಗೂ ಹಸಿವು. ಹೊಳೆಯ ದಂಡೆಯಲ್ಲಿ ಕೂತು ಮಂಡಕ್ಕಿ ಹರವಿದೆವು. ಮಂಡಕ್ಕಿ ಎದುರಿಗಿದ್ದು, ಬೆಲ್ಲ-ಕೊಬ್ಬರಿ ಪಕ್ಕದಲ್ಲಿದ್ದರೆ ನಮ್ಮ ದಾವಣಗೆರೆಯವರ ಕೈ ಸುಮ್ಮನಿರುತ್ತದೆಯೇ? ಮುಡಿಪು ಬಿಚ್ಚಿದವಳು ನಾನು. ನಿಮಗೆ ಹೇಳಕೂಡದೆಂದು ಎಲ್ಲರ ಬಾಯಿ ಮುಚ್ಚಿಸಿದವಳೂ ನಾನೇ. ರುಚಿಯಾಗಿತ್ತು ಅತ್ತೆ — ಬೆರಳು ನೆಕ್ಕಿದೆ.

ಬಾಗಿಲಲ್ಲೇ ಕೇಳಿದಿರಿ: “ಆನೆ ತಿಂತೇನವ್ವ?”

“ತಿಂತ್ರಿ ಅತ್ತೆ. ಎಡಗಿವಿ ಹರಿದಿತ್ತು, ಆ ಆನೆ ತಿಂತು.”

ಆ ಹರಿದ ಕಿವಿ ಎಲ್ಲಿಂದ ಬಂತೋ... ನೀವು ಕೇಳದಿದ್ದರೂ ಸೇರಿಸಿದೆ. ಖಾಲಿ ಬಟ್ಟೆಯನ್ನು ನೀವು ಕಣ್ಣಿಗೊತ್ತಿಕೊಂಡಿರಿ. ಅಂದಿನಿಂದ ಪ್ರತಿ ಚೌತಿಗೆ ಓಣಿಯವರಿಗೆಲ್ಲ ಆ ಆನೆಯ ಕತೆ. ಪಲ್ಲವಿ ಸೀನಿದರೂ ಆ ಆನೆಯನ್ನೇ ನೆನೆಯುತ್ತೀರಿ. ನಾನು ಒಳಗೆ ಹೋಗಿ ಒಗ್ಗರಣೆ ಹಾಕುತ್ತೇನೆ.

ಮಂಡಿ ಆಪರೇಷನ್ ಆದ ಮೇಲೆ ಮೊನ್ನೆ ಮೊದಲ ಸಲ ಗೇಟಿನವರೆಗೆ ನಡೆದು ಬಂದಿರಿ. “ಈಗ ಕಾಲು ಬಂದಾವೆ. ಆ ಆನೆ ತೋರ್ಸವ್ವ, ಒಮ್ಮೆ ಕೈ ಮುಗೀತೀನಿ” ಎಂದಿರಿ. ನಿಮ್ಮ ಮಗ ಭಾನುವಾರಕ್ಕೆ ಕಾರು ಗೊತ್ತು ಮಾಡಿದ್ದಾರೆ. ಅಲ್ಲಿ ನೀವು ಒಂದೊಂದೇ ಆನೆಯ ಎಡಗಿವಿ ಹುಡುಕುತ್ತಾ ನಡೆಯುವುದನ್ನು... ಇಲ್ಲ, ನನ್ನಿಂದಾಗದು.

ನಿಮಗೆ ಓದು ಬರುವುದಿಲ್ಲ. ಮನೆಗೆ ಬಂದ ಕಾಗದವನ್ನೆಲ್ಲ ನಿಮಗೆ ಓದಿ ಹೇಳುವವಳು ನಾನೇ. ಶನಿವಾರ ನಿಮ್ಮ ಪೂಜೆ ಮುಗಿದ ಮೇಲೆ ಎದುರಿಗೆ ಕೂತು ಇದನ್ನೂ ನಾನೇ ಓದುತ್ತೇನೆ, ಮೊದಲ ಸಾಲಿನಿಂದ.