ನಾಲೆ ನಿಂತಾಗ ನೋಡಿದ ಮನೆ

ನಾಲೆಯ ಕೆಳಗಿನ ಮನೆಯನ್ನು ನಾಲೆ ನಿಂತಿರುವಾಗ ನೋಡಿ ಕೊಂಡುಕೊಳ್ಳಬಾರದು. ನಮ್ಮ ಕಡೆ ಗದ್ದೆ ಮಾಡುವವರಿಗೆಲ್ಲ ಇದು ಗೊತ್ತು. ಏಳನೆಯ ತರಗತಿಗೇ ಶಾಲೆ ಬಿಟ್ಟ ನನಗೂ ಗೊತ್ತಿತ್ತು. ಆದರೂ ತಂಗಿಯನ್ನು ಪಾಂಡವಪುರದ ಪಕ್ಕದ ಊರಿಗೆ ಮನೆ ನೋಡಲು ಕರೆದುಕೊಂಡು ಹೋದದ್ದು ಬೇಸಿಗೆಯಲ್ಲಿ, ನಾಲೆಯ ತಳ ಬಿರಿದು ಬಿದ್ದಿದ್ದಾಗ.

ತಂಗಿ ಗಂಡನಿಂದ ಬೇರೆಯಾಗಿ ಮಗಳ ಜೊತೆ ನಮ್ಮಲ್ಲೇ ಇದ್ದಳು. ರವಿಕೆ ಹೊಲಿದು ಕೂಡಿಟ್ಟ ದುಡ್ಡಿಗೆ ಸಂಘದ ಸಾಲ ಸೇರಿಸಿ ಸ್ವಂತ ಮನೆ ಮಾಡುವ ಆಸೆ ಅವಳಿಗೆ. ಆ ಮನೆ ಮಣ್ಣಿನ ಗೋಡೆಯದು, ಬೆಲೆ ಕಮ್ಮಿ. ಹಿಂದಿನ ಕೋಣೆಯ ಗೋಡೆಯ ಬುಡದಲ್ಲಿ ಬಿಳಿ ಉಪ್ಪು ಎದ್ದಿತ್ತು. ಕೆರೆದು ನೋಡಿದೆ, ಪುಡಿ ಉದುರಿತು. ನೀರು ಹರಿಯುವ ಕಾಲಕ್ಕೆ ಇಲ್ಲಿ ಜೌಗು ಏಳುತ್ತದೆ ಎಂದು ಅಲ್ಲೇ ತಿಳಿಯಿತು.

ತಂಗಿ ಮಾರುವವರಿಗೆ ನನ್ನನ್ನು ತೋರಿಸಿ, "ನಮ್ಮಣ್ಣ ಮಣ್ಣು ಮುಟ್ಟಿ ನೀರು ಹೇಳ್ತನೆ ಕಣ್ರೀ. ಅವ್ನು ಸೈ ಅಂದ್ರೆ ಸೈ," ಅಂದಳು. ಆಮೇಲೆ ಗೋಡೆ ಹೇಗಿದೆ ಎಂದು ನನ್ನನ್ನು ಕೇಳಿದಳು.

"ಈಗ ಒಣ್ಗದೆ ಬುಡವ್ವ," ಅಂದೆ.

ಮಾತು ಸುಳ್ಳಲ್ಲ. 'ಈಗ' ಅನ್ನುವ ಪದದ ಹಿಂದೆ ನಾನು ಅಡಗಿಕೊಂಡೆ, ಅಷ್ಟೆ. ಅವಳ ಮಿಷನ್ನು, ಬಟ್ಟೆಗಂಟು, ಬಂದುಹೋಗುವ ಹೆಂಗಸರು ನಮ್ಮ ಪಡಸಾಲೆಯಿಂದ ಹೋದರೆ ಸಾಕಾಗಿತ್ತು ನನಗೆ. ಹೆಂಡತಿ ಗೊಣಗುತ್ತಾಳೆ ಎಂದು ನೆಪ ಹೇಳಬಹುದು. ಆದರೆ ಅವಳಿಗಿಂತ ಬೇಸತ್ತವನು ನಾನು.

ತಂಗಿ ಮನೆ ಕೊಂಡಳು. ಹಳೇ ಗೋಡೆಯ ಉಪ್ಪು ಅಂದುಕೊಂಡು, ಅದು ಕಾಣದ ಹಾಗೆ ಸಿಮೆಂಟು ಬಳಿಸಿದಳು, ಟೈಲ್ಸು ಹಾಕಿಸಿದಳು. ಆ ಖರ್ಚಿನಲ್ಲಿ ಕೈ ಬರಿದಾಯಿತು. ನಾಲೆಗೆ ನೀರು ಬಿಟ್ಟ ಮೇಲೆ ಸಿಮೆಂಟಿನೊಳಗೆ ಸಿಕ್ಕಿದ ತೇವ ಎದೆಯೆತ್ತರಕ್ಕೆ ಏರಿತು. ಯಾರದೋ ಮದುವೆಯ ರವಿಕೆ ಬೂಷ್ಟು ಹಿಡಿಯಿತು. ಹೊಲಿಯಲು ಕೊಡುವವರು ಕಮ್ಮಿಯಾದರು. ಮನೆಯನ್ನು ಬಂದ ಬೆಲೆಗೆ ಮಾರಿಬಿಡುತ್ತೇನೆ ಅನ್ನತೊಡಗಿದಳು. ಎಲ್ಲಾ ತನ್ನ ಹಣೆಬರಹ ಅಂದಾಗ ನನಗೆ ತಡೆಯಲಾಗಲಿಲ್ಲ. ಉಪ್ಪು ಕಂಡಾಗಲೇ ಜೌಗು ಗೊತ್ತಾಗಿತ್ತು, ಬೇಕೆಂದೇ ಹೇಳಲಿಲ್ಲ ಎಂದು ಒಪ್ಪಿಕೊಂಡೆ.

ಅವಳು ಕತ್ತರಿ ಕೆಳಗಿಟ್ಟಳು.

"ಓಗು ಅಂತ ಒಂದ್ ಮಾತು ಅಂದಿದ್ರೆ ಓಯ್ತಿದ್ದೆ ಕಣಣ್ಣ. ಬಾಡ್ಗೆ ಮನೆ ಸಿಗ್ತಿರಲಿಲ್ವಾ?"

ಅವತ್ತು ಕಾಫಿ ಕೊಡದೆ ಕಳಿಸಿದಳು.

ಮರುದಿನ ಗುದ್ದಲಿ ಹಿಡಿದು ಹೋದೆ. ಜೌಗು ಗದ್ದೆಗೆ ತೆಗೆಯುವಂತೆ ಮನೆಯ ಹಿಂದೆ ಆಳವಾದ ಬಸಿಗಾಲುವೆ ತೋಡಿ, ನೀರನ್ನು ಕೆಳಗಿನ ಹಳ್ಳಕ್ಕೆ ತಿರುಗಿಸಿದೆ. ಅವಳು ಬೇಡ ಅನ್ನಲಿಲ್ಲ. ಸಿಮೆಂಟು ಕೀಳುವಾಗ ಮಾತ್ರ, "ಅಷ್ಟು ಜೋರಾಗಿ ವಡೀಬ್ಯಾಡ, ಗೋಡೆಗೇನು ಗೊತ್ತು ನಿನ್ ಪಾಪ," ಅಂದಳು. ಅವಳ ಮಗಳು ಬಾಯಿಗೆ ಅಂಗೈ ಅಡ್ಡ ಹಿಡಿದು ನಕ್ಕಳು. ಗೋಡೆ ಉಸಿರಾಡಲಿ ಎಂದು ಸುಣ್ಣದ ಗಾರೆ ಮೆತ್ತಿಸಿದೆವು.

ಈ ಸಲ ನಾಲೆ ತುಂಬಿ ಹರಿಯುತ್ತಿದ್ದರೂ ಹಿಂದಿನ ಕೋಣೆ ಬೆಚ್ಚಗಿದೆ. ಬಟ್ಟೆಯ ಗಂಟುಗಳು ಅಲ್ಲಿಗೆ ಮರಳಿವೆ. ಗೋಡೆ ಹೇಗಿದೆ ಎಂದು ತಂಗಿ ಈಗ ನನ್ನನ್ನು ಕೇಳುವುದಿಲ್ಲ, ತಾನೇ ಅಂಗೈಯಿಟ್ಟು ನೋಡುತ್ತಾಳೆ. ಮೊನ್ನೆ ಫೋನು ಮಾಡಿದ್ದಳು. ಬಚ್ಚಲ ಗೋಡೆಯ ಸಿಮೆಂಟೂ ಕೀಳಬೇಕಂತೆ.

"ಉಣ್ಣಕ್ಕೆ ಇಲ್ಲಿಗೇ ಬಾ," ಅಂದಳು.