ಎಪ್ಪತ್ತೇಳರ ಹಿಂದಿನ ಕೆ

ಬೆರಿಲ್ ಟ್ಯಾಮ್ಸ್ ಇಂಗ್ಲೆಂಡಿನ ಲಾಂಗ್‌ಟನ್ನಿನ ಪಿಂಗಾಣಿ ಕಾರ್ಖಾನೆಗೆ ಸೇರಿದ್ದು ಹದಿನಾರನೇ ವಯಸ್ಸಿನಲ್ಲಿ. ಅಂದಿನಿಂದ ಅವಳ ಕೆಲಸ ಗೆರೆ ಎಳೆಯುವುದು. ಎಡಗೈಯಿಂದ ತಿರುಗುಮಣೆ ತಿರುಗಿಸುತ್ತ, ಬಲಗೈಯ ಕುಂಚವನ್ನು ತಟ್ಟೆಯ ಅಂಚಿಗೆ ತಾಗಿಸಿ ಹಿಡಿದರೆ ನೀಲಿ ಗೆರೆ ತನ್ನ ಬಾಲವನ್ನು ತಾನೇ ಕಚ್ಚಿಕೊಳ್ಳುತ್ತಿತ್ತು. ಕೂಡಿದ ಜಾಗ ಎಲ್ಲಿ ಎಂದು ಭೂತಗನ್ನಡಿ ಹಿಡಿದರೂ ಗೊತ್ತಾಗುತ್ತಿರಲಿಲ್ಲ.

ಆದರೆ ನೀಲಿ ನೀಲಿಯೇ. ಕಿಟಕಿಯ ಬಳಿ ಕೂತು ಚಿನ್ನದ ಗೆರೆ ಎಳೆಯುವವರ ಗತ್ತೇ ಬೇರೆ. ಅವರ ಕುಂಚ ಒರೆಸಿದ ಚಿಂದಿಯನ್ನೂ ಕಾರ್ಖಾನೆ ತೂಕ ಮಾಡಿ ಎತ್ತಿಡುತ್ತಿತ್ತು. ಮೂವತ್ತು ವರ್ಷ ಆ ಮಣೆಯ ಮೇಲೆ ಕೂತಿದ್ದ ಐವಿ ಏಪ್ರಿಲ್ ಕೊನೆಗೆ ನಿವೃತ್ತಳಾಗುವವಳಿದ್ದಳು. ಆ ಜಾಗ ತನ್ನದಾಗಬೇಕು ಎಂಬುದು ಬೆರಿಲ್‌ಳ ಒಂದೇ ಆಸೆ. ಅಡ್ಡ ಬರುವವಳು ಯಾರಾದರೂ ಇದ್ದರೆ ಅದು ಪಕ್ಕದ ಮಣೆಯ ಗ್ಲೆನಿಸ್ ಬ್ಲೋರ್.

ಗ್ಲೆನಿಸ್‌ಳ ಗೆರೆ ತನ್ನದಕ್ಕಿಂತ ಒಂದು ಕೂದಲಷ್ಟು ದಪ್ಪ ಎಂಬುದನ್ನು ಬೆರಿಲ್ ಎಂದೋ ಕಂಡುಕೊಂಡಿದ್ದಳು. ಆದರೂ ಗ್ಲೆನಿಸ್ ಹೊಸ ಕೋಟು ಹಾಕಿಕೊಂಡು ಬಂದರೆ ಅವಳಿಗೆ ಅಂದು ಊಟಕ್ಕೆ ತಂದ ಓಟ್‌ಕೇಕ್ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮದುವೆಯಾಗಿಲ್ಲ, ಗಂಡನ ದುಡಿಮೆಯಿಲ್ಲ, ಸಂಬಳ ತನ್ನಷ್ಟೇ. ಮತ್ತೆ ಕೋಟು ಎಲ್ಲಿಂದ?

ಏಪ್ರಿಲ್ ಕೊನೆಯ ಶುಕ್ರವಾರ ಸಂಬಳದ ಚೀಟಿಗಳು ಬಂದವು. ಗ್ಲೆನಿಸ್ ತನ್ನದನ್ನು ಬಿಚ್ಚಿ ನೋಡಿ ಮಡಚುವಾಗ ಬೆರಿಲ್‌ಳ ಕಣ್ಣು ಅತ್ತ ಹೋಯಿತು. ತೆರಿಗೆ ಸಂಕೇತದ ಚೌಕದಲ್ಲಿ ಎಲ್ಲರಿಗೂ 419 ಎಲ್ ಇರುತ್ತದೆ. ಗ್ಲೆನಿಸ್‌ಳ ಚೀಟಿಯಲ್ಲಿ ಮೊದಲಿಗೇ ಒಂದು ಕೆ. ಮುಂದಿನದನ್ನು ಹೆಬ್ಬೆರಳು ಮುಚ್ಚಿತ್ತು.

ಆ ಕೋಣೆಯಲ್ಲಿ ಕೆ ಎಂದರೆ ಒಂದೇ ಅರ್ಥ. ಅಮೆರಿಕಕ್ಕೆ ಹೋಗುವ ತಟ್ಟೆಗಳ ಬೆನ್ನಿಗೆಲ್ಲ 22 ಕೆ ಎಂದು ಮುದ್ರೆ ಬೀಳುತ್ತಿತ್ತು: ಇಪ್ಪತ್ತೆರಡು ಕ್ಯಾರೆಟ್. ಅಂದರೆ ಇವಳನ್ನು ಯಾರಿಗೂ ಹೇಳದೆ ಚಿನ್ನದ ದರ್ಜೆಗೆ ಏರಿಸಿಬಿಟ್ಟಿದ್ದಾರೆ!

ಕುಂಚ ತೊಳೆಯದೆ ಎದ್ದವಳು ನೇರ ಸಂಬಳದ ಕೋಣೆಗೆ ನುಗ್ಗಿದಳು.

"ಕ್ಲೈವ್, ಆ ಗ್ಲೆನಿಸ್‌ಗೆ ಚಿನ್ನ ಯಾವಾಗ ಕೊಟ್ರಿ? ಕದ್ದುಮುಚ್ಚಿ ಕೊಡೋಕೆ ನಾವೇನು ಸತ್ತೋಗಿದ್ವಾ?"

ಗುಮಾಸ್ತ ಕ್ಲೈವ್ ವೇನ್ ಚಹಾ ಕೆಳಗಿಟ್ಟ. "ಯಾವ ಚಿನ್ನ, ತಾಯಿ?"

"ಚೀಟೀಲಿ ಕೆ ಇದೆ. ನನ್ ಕಣ್ಣಾರೆ ನೋಡ್ದೆ."

ಅವನು ನಗು ತಡೆದು ಕೆಮ್ಮಿದ. "ನೋಡು, ಇನ್ನೊಬ್ರ ಚೀಟಿ ಮಾತು ನಾನಾಡೋ ಹಾಗಿಲ್ಲ. ಕೆ ಅಂದ್ರೇನು ಅಂತ ಬೇಕಾದ್ರೆ ಹೇಳ್ತೀನಿ. ನಿನ್ನದು 419 ಎಲ್. ಅಂದ್ರೆ ವರ್ಷಕ್ಕೆ ನಾಲ್ಕು ಸಾವಿರದ ಚಿಲ್ಲರೆ ಪೌಂಡಿಗೆ ನಿಂಗೆ ತೆರಿಗೆ ಇಲ್ಲ. ಯಾರಾದ್ರೂ ಹಳೇ ತೆರಿಗೆ ಬಾಕಿ ಉಳಿಸ್ಕೊಂಡಿದ್ರೆ, ಹೊರಗಡೆ ಬೇರೆ ಸಂಪಾದನೆ ಇದ್ರೆ, ಅವರು ಮನೆಗೆ ಬಂದು ಕೇಳಲ್ಲ. ಈ ರಿಯಾಯಿತಿನೇ ಕಡಿತಾ ಬರ್ತಾರೆ. ಕಡಿದೂ ಕಡಿದೂ ಅದು ಸೊನ್ನೆಗಿಂತ ಕೆಳಗಿಳೀತು ಅಂದ್ರೆ ಅಂಕೆಗೆ ಮೊದಲು ಕೆ ಹಾಕ್ತಾರೆ. ಆಮೇಲೆ ಬರದೇ ಇರೋ ಸಂಬಳಕ್ಕೂ ತೆರಿಗೆ ಹಿಡಿದ ಲೆಕ್ಕ. ವಾರವಾರ ಚೂರು ಚೂರು, ಬಾಕಿ ತೀರೋ ತನಕ."

"ಅಂದ್ರೆ ಕೆ ಬಂದೋರಿಗೆ ಕೈಗೆ ಕಮ್ಮಿ?"

"ಕಮ್ಮಿ."

ಬೆರಿಲ್‌ಗೆ ಮೈ ಹಗುರವಾಯಿತು. ಊಟದ ಕೋಣೆಯಲ್ಲಿ ಎಲ್ಲರೂ ಕೂತಿದ್ದಾಗ, ದನಿ ಸಾಕಷ್ಟು ಎತ್ತರಿಸಿಯೇ ಗ್ಲೆನಿಸ್‌ಳನ್ನು ಕೇಳಿದಳು: "ಏನ್ ಚಿನ್ನಾ, ಸರ್ಕಾರಕ್ಕೆ ಬಾಕಿಯಂತೆ? ಕೋಟು ಅದ್ರಲ್ಲೇ ಬಂತೇನೋ?"

ಗ್ಲೆನಿಸ್‌ಳ ಕಿವಿ ಕೆಂಪಾಯಿತು. ಆಮೇಲೆ ಅವಳು ನಕ್ಕುಬಿಟ್ಟಳು.

"ಕೆ ಎಪ್ಪತ್ತೇಳು ಕಣೇ. ನಮ್ಮನೇಲಿ ಹಕ್ಕಿ ಬರೀತೀನಿ, ಖಾಲಿ ತಟ್ಟೆ ಮೇಲೆ. ಲೀಕ್ ಪೇಟೇಲಿ ಒಬ್ಬ ಅಂಗಡಿಯವನು ಎಷ್ಟಿದ್ರೂ ತಗೋತಾನೆ. ಅದಕ್ಕೂ ತೆರಿಗೆ ಇದೆ ಅಂತ ನಂಗೆಲ್ಲಿ ಗೊತ್ತಿತ್ತು? ಗೊತ್ತಾದ್ಮೇಲೆ ನಾನೇ ಹೋಗಿ ಹೇಳ್ದೆ. ಎರಡು ವರ್ಷದ್ದು ಒಟ್ಟಿಗೆ ಹಿಡೀತಿದಾರೆ, ಈ ವರ್ಷದ್ದೂ ಸೇರಿಸಿ."

"ಹಕ್ಕಿಗಾ? ಅಷ್ಟೊಂದಾ?" ಎಂದಳು ಒಬ್ಬಳು.

"ತಟ್ಟೆಗೆ ಹದಿನೆಂಟು ಪೌಂಡ್. ಕೆಳಗೆ ನನ್ ಹೆಸರಿದ್ರೆ ಇಪ್ಪತ್ತು."

"ಏನ್ ಮಾರಾಯ್ತಿ, ಹೇಳಲೇ ಇಲ್ವಲ್ಲ! ನಮ್ಮತ್ತೆಗೊಂದು ಬರ್ಕೊಡೇ."

"ನಂಗೂ ಒಂದು. ಹೆಸರು ಇರೋದೇ ಕೊಡು."

ಬೆರಿಲ್‌ಳ ಕೈಯಲ್ಲಿದ್ದ ಓಟ್‌ಕೇಕ್ ಮತ್ತೆ ಭಾರವಾಯಿತು. ಕೋಟಿನ ಮೇಲಿನ ಹೊಟ್ಟೆಕಿಚ್ಚು ಅವಳಿಗೆ ಅಭ್ಯಾಸವಾಗಿತ್ತು, ಮೂರು ದಿನದಲ್ಲಿ ಆರುತ್ತಿತ್ತು. ಇದು ಹಾಗಲ್ಲ. ತಾನು ಎಳೆದ ಲಕ್ಷಾಂತರ ಗೆರೆಗಳಲ್ಲಿ ಒಂದಕ್ಕೂ ಯಾರೂ ಹೆಸರು ಕೇಳಿರಲಿಲ್ಲ. ತೆರಿಗೆಯವರು ಕೂಡ ಅವಳನ್ನು ಒಮ್ಮೆಯಾದರೂ ಹುಡುಕಿಕೊಂಡು ಬರುವಂಥದ್ದೇನನ್ನೂ ಅವಳು ಗಳಿಸಿರಲಿಲ್ಲ. ತನ್ನ 419 ಎಲ್ ಒಂದು ಕಲೆಯಿಲ್ಲದ ಖಾಲಿ ತಟ್ಟೆಯ ಹಾಗೆ ಕಂಡಿತು.

ಮರುವಾರ ಮೇಲ್ವಿಚಾರಕಿ ಬಂದು ಎಲ್ಲರ ಎದುರಿಗೇ ಹೇಳಿದಳು: ಐವಿಯ ಜಾಗ ಬೆರಿಲ್‌ಗೆ. ಹೆಂಗಸರು ಚಪ್ಪಾಳೆ ತಟ್ಟಿದರು. ಮೊದಲು ಬಂದು ತಬ್ಬಿಕೊಂಡವಳು ಗ್ಲೆನಿಸ್.

"ನಿಂಗೇ ಬರಬೇಕಿತ್ತು ಕಣೇ. ನನ್ನೂ ಕೇಳಿದ್ರು. ಬೇಡ ಅಂದೆ. ಚಿನ್ನಕ್ಕೆ ಕೂತ್ರೆ ಕಣ್ಣು ಪೂರಾ ಹೋಗುತ್ತೆ, ಸಂಜೆ ಹಕ್ಕಿಗೆ ಉಳೀಬೇಕಲ್ಲ."

ಅವಳ ಮಾತಿನಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ಬೆರಿಲ್ ತಡೆದುಕೊಳ್ಳುತ್ತಿದ್ದಳು.

ಸೋಮವಾರ ಅವಳು ಕಿಟಕಿಯ ಮಣೆಗೆ ಬಂದು ಕೂತಳು. ತಟ್ಟೆ ಸುಡುವ ಒಲೆಗೆ ಹೋಗುವ ಮುಂಚೆ ಚಿನ್ನ ಕಂದು ಬಣ್ಣದ ಗಂಜಿಯ ಹಾಗಿರುತ್ತದೆ. ಊಟದ ಗಂಟೆಯೊಳಗೆ ಅವಳು ನಾಲ್ಕು ಡಜನ್ ತಟ್ಟೆ ಮುಗಿಸಿದಳು, ಒಂದರಲ್ಲೂ ಗೆರೆ ನಡುಗಿರಲಿಲ್ಲ. ಮೇಲ್ವಿಚಾರಕಿ ಒಂದನ್ನು ಬೆಳಕಿಗೆ ಹಿಡಿದು ಸುಮ್ಮನೆ ತಲೆಯಾಡಿಸಿ ಹೋದಳು. ಇದಕ್ಕಿಂತ ದೊಡ್ಡ ಮೆಚ್ಚುಗೆ ಅಲ್ಲಿರಲಿಲ್ಲ.

ಎಲ್ಲರೂ ಊಟಕ್ಕೆ ಎದ್ದ ಮೇಲೆ ಬೆರಿಲ್ ಅಂಚು ಮುಕ್ಕಾದ ಒಂದು ತಟ್ಟೆಯನ್ನು ಮುಂದೆ ಎಳೆದುಕೊಂಡಳು. ನೀಲಿಯ ಕುಂಚ ತೆಗೆದು, ನಡುವೆ ಒಂದು ಹಕ್ಕಿ ಬರೆಯಲು ನೋಡಿದಳು. ತಿರುಗುಮಣೆ ತಿರುಗದೆ ನಿಂತರೆ ಅವಳ ಕೈಗೆ ಎಲ್ಲಿ ಹೋಗಬೇಕೆಂದೇ ತಿಳಿಯಲಿಲ್ಲ. ಹೊಟ್ಟೆ ಆಲೂಗಡ್ಡೆಯಾಯಿತು, ಕೊಕ್ಕು ಮೊಳೆಯಾಯಿತು. ಕೊನೆಗೆ, ಯಾಕೆಂದು ಅವಳಿಗೂ ಗೊತ್ತಿರಲಿಲ್ಲ, ಕೆಳಗೆ ತನ್ನ ಹೆಸರು ಬರೆದಳು.

ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಟರ್ಪೆಂಟೈನ್ ಚಿಂದಿ ತೆಗೆದುಕೊಂಡು ಹಕ್ಕಿಯನ್ನು ಒರೆಸಿದಳು. ಹೆಸರನ್ನು ಒರೆಸಲು ಮಾತ್ರ ಅವಳಿಗೆ ಮನಸ್ಸಾಗಲಿಲ್ಲ; ಮೆಟ್ಟಿಲ ಮೇಲೆ ಗ್ಲೆನಿಸ್‌ಳ ನಗು ಕೇಳಿದಾಗ ಅದನ್ನೂ ಒರೆಸಿಬಿಟ್ಟಳು.