ಮರದ ಮೇಲಿನ ವ್ಯಾಪಾರ

ಕೊಳ್ಳಬೇಕೆಂದಿರುವ ಹುಣಸೆಮರದ ಕೆಳಗೆ ನಿಂತಾಗ ನಾನು ತಲೆಯೆತ್ತಿ ನೋಡುವುದಿಲ್ಲ. ಪಕ್ಕದ ಮರ ನೋಡುತ್ತೇನೆ. ಪಕ್ಕದಲ್ಲಿ ಮರವಿಲ್ಲದಿದ್ದರೆ ಬೇಲಿ ನೋಡುತ್ತೇನೆ, ಯಜಮಾನನ ಹಸು ಈಗ ಹಾಲು ಕೊಡುತ್ತಿದೆಯೇ ಎಂದು ವಿಚಾರಿಸುತ್ತೇನೆ. ಕಾಯಿ ಎಷ್ಟಿದೆಯೆಂಬುದನ್ನು ರಸ್ತೆಯ ತಿರುವಿನಲ್ಲೇ ಗಾಡಿ ನಿಲ್ಲಿಸಿ ನೋಡಿಕೊಂಡಿರುತ್ತೇನಲ್ಲ, ಇನ್ನೇನು! ದೇವನಹಳ್ಳಿ ಸುತ್ತಮುತ್ತ ಈ ವ್ಯಾಪಾರ ಮಾಡಿಯೇ ನಾನು ಮನೆ ಕಟ್ಟಿದ್ದು. ಇದನ್ನು ಯಾರೂ ಕಲಿಸಲಿಲ್ಲ. ಶುರುವಿನಲ್ಲಿ ಒಂದೆರಡು ಸಲ ಬಾಯಿ ಬಿಟ್ಟುಕೊಂಡು ಮರ ನೋಡಿ ‘ಅಬ್ಬಾ’ ಎಂದು, ಆ ‘ಅಬ್ಬಾ’ಕ್ಕೂ ಸೇರಿಸಿ ಬೆಲೆ ತೆತ್ತು ಕಲಿತದ್ದು. ನಿಮಗೂ ಹೇಳಿಬಿಡುತ್ತೇನೆ, ಸೀರೆಯಾಗಲಿ ಸೈಟಾಗಲಿ, ಬೇಕು ಅನ್ನುವುದು ಮುಖದ ಮೇಲೆ ಕಾಣಬಾರದು.

ಇಂಥವನ ಮಗಳು ಲಾವಣ್ಯ. ಎರಡನೇ ಪಿಯುಸಿ. ದಸರೆ ಕಳೆದ ಮೇಲೆ ಒಂದು ದಿನ ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟು, ಇಲ್ಲಿ ಒಪ್ಪಿಗೆ ಕೊಡು ಎಂದಳು. ಉತ್ತರದ ಕಡೆ ಒಂದು ವಿಶ್ವವಿದ್ಯಾಲಯವಂತೆ, ಬಾಗಿಲು ತಟ್ಟುವವರು ಬಹಳ, ಒಳಗೆ ಹೋಗುವವರು ಕೆಲವರೇ. ಅಲ್ಲಿ ಅರ್ಥಶಾಸ್ತ್ರ ಓದಬೇಕಂತೆ. ‘ನಾನು ಮಾಡ್ತಿರೋದನ್ನೇ ಇಂಗ್ಲಿಷಲ್ಲಿ ಓದೋಕೆ ಅಷ್ಟು ದೂರ ಹೋಗ್ಬೇಕಾ?’ ಎಂದೆ. ಅವಳು ನಗಲಿಲ್ಲ. ಆ ತಮಾಷೆಯನ್ನು ನಾನು ಅದಕ್ಕೆ ಮೊದಲೇ ಎರಡು ಸಲ ಮಾಡಿದ್ದೆನಂತೆ.

ಒಪ್ಪಿಗೆ ಕೇಳಿದ್ದು ಅರ್ಲಿ ಡಿಸಿಷನ್ ಎಂಬ ಏರ್ಪಾಡಿಗೆ. ಎಲ್ಲರಿಗಿಂತ ಮೊದಲು, ಒಂದೇ ಒಂದು ಕಡೆ ಅರ್ಜಿ ಹಾಕಿ, ‘ನೀವು ತಗೊಂಡರೆ ನಾನು ನಿಮ್ಮಲ್ಲಿಗೇ ಬರುತ್ತೇನೆ, ಬೇರೆ ಕಡೆ ನೋಡುವುದಿಲ್ಲ’ ಎಂದು ಮಾತು ಕೊಡುವುದು. ಹುಡುಗಿ ಕೊಟ್ಟರೆ ಸಾಲದು, ಅಪ್ಪನೂ ಕೊಡಬೇಕು. ಅವರು ಮಾತ್ರ ಡಿಸೆಂಬರಿನವರೆಗೆ ಏನೂ ಹೇಳುವುದಿಲ್ಲ. ಓದಿ ನನಗೆ ಮೈಯೆಲ್ಲ ಕೆರೆದಂತಾಯಿತು.

‘ಮೊದ್ಲೇ ಮಾತು ಕೊಟ್ಬಿಟ್ರೆ ಆಮೇಲೆ ಅವ್ರ ಹತ್ರ ಏನ್ ಮಾತಾಡೋಕಾಗುತ್ತೆ?’

‘ಮಾತಾಡೋಕೇನೂ ಇಲ್ಲ ಕಣಪ್ಪ. ನಂಗೆ ಅದೇ ಬೇಕು. ಬೇಕು ಅಂತ ಹೇಳೋದಷ್ಟೆ.’

‘ಬೇಕು ಅಂತ ಹೇಳ್ಬಾರ್ದಮ್ಮ.’

‘ಅದು ಹುಣಸೆಹಣ್ಣಿಗೆ.’

ನನ್ನ ಹೆಂಡತಿ ಸುಜಾತ ಅಡುಗೆಮನೆಯಿಂದಲೇ, ‘ಒತ್ರೀ ಸುಮ್ನೆ’ ಎಂದಳು. ಒತ್ತಿದೆ.

ಆಮೇಲೆ ಯೋಚಿಸಿದರೆ ತಪ್ಪು ಹಿಡಿಯುವ ಬಾಯಿ ನನಗೇ ಇರಲಿಲ್ಲ. ನಾವು ಹುಣಸೆಯನ್ನು ಕೊಳ್ಳುವುದೂ ಹೀಗೆಯೇ, ಮರದ ಮೇಲಿರುವಾಗಲೇ. ಕಾಯಿ ಇನ್ನೂ ಹಸಿಯಾಗಿರುತ್ತದೆ, ಒಡೆದು ನೋಡಿದರೆ ಏನೂ ತಿಳಿಯುವುದಿಲ್ಲ. ಕೊಂಬೆ ನೋಡಿ, ಮಣ್ಣು ನೋಡಿ, ಹೋದ ಸಲ ಹೇಗೆ ಬಿಟ್ಟಿತ್ತು ಎಂದು ಕೇಳಿ ಮಾತು ಮುಗಿಸುತ್ತೇವೆ. ಆ ವಿಶ್ವವಿದ್ಯಾಲಯದವರೂ ಪರೀಕ್ಷೆ ಮುಗಿಯುವ ಮೊದಲೇ ಮಕ್ಕಳನ್ನು ಮರದ ಮೇಲಿರುವಾಗಲೇ ನೋಡುತ್ತಾರೆ. ವ್ಯತ್ಯಾಸ ಇಷ್ಟೇ, ಈ ಸಲ ಮರ ನನ್ನದು. ಬೇಲಿಯನ್ನೋ ಹಸುವನ್ನೋ ನೋಡುತ್ತ ನಿಂತಿರುವವರು ಅವರು.

ಕಾಯುವುದರಲ್ಲಿ ಬಗೆಗಳಿವೆ. ಹೊಸಕೋಟೆಯಲ್ಲಿ ಬಿರಿಯಾನಿಗೆ ಬೆಳಕು ಹರಿಯುವ ಮೊದಲೇ ಸಾಲು ನಿಲ್ಲುತ್ತಾರಲ್ಲ, ಅದು ಸುಖದ ಕಾಯುವಿಕೆ. ಪಾತ್ರೆ ಕಾಣುತ್ತದೆ, ವಾಸನೆ ಬರುತ್ತದೆ, ಮುಂದೆ ನಿಂತವನ ತಲೆ ಒಂದೊಂದೇ ಹೆಜ್ಜೆ ಸರಿಯುತ್ತದೆ. ದೊಡ್ಡಬಳ್ಳಾಪುರದ ಬಸ್ಸಿಗೆ ಕಾಯುವುದರಲ್ಲಿ ಬೈಯಲು ಒಬ್ಬ ಕಂಡಕ್ಟರ್ ಆದರೂ ಸಿಗುತ್ತಾನೆ. ಕಾಲೇಜಿನ ಉತ್ತರಕ್ಕೆ ಕಾಯುವುದಕ್ಕೆ ವಾಸನೆಯಿಲ್ಲ, ಸಾಲಿಲ್ಲ, ಕಂಡಕ್ಟರಿಲ್ಲ. ಲಾವಣ್ಯಳ ಫೋನಿನ ಪರದೆಯ ಮೇಲೆ ಗಣಪತಿ ಇದ್ದ ಜಾಗದಲ್ಲಿ ಆ ಕಾಲೇಜಿನ ಲೈಬ್ರರಿಯ ಮೆಟ್ಟಿಲು ಬಂದು ಕೂತಿತ್ತು. ಅದನ್ನು ನೋಡುವಾಗ ಅವಳ ಮುಖ ಹೇಗಿರುತ್ತಿತ್ತೆಂದರೆ, ನಲ್ಲೂರಿನ ಹಳೆಯ ಹುಣಸೆತೋಪಿನಲ್ಲಿ ನನ್ನ ಮುಖ ಇರುವ ಹಾಗೆ. ಆ ಮರಗಳು ಮಾರಾಟಕ್ಕಿಲ್ಲ. ಹಾಗಾಗಿ ಅಲ್ಲೊಂದು ಕಡೆ ಮಾತ್ರ ನಾನು ಧೈರ್ಯವಾಗಿ ಬಾಯಿ ಬಿಟ್ಟುಕೊಂಡು ಮೇಲೆ ನೋಡುತ್ತೇನೆ. ಇವಳು ಕೊಳ್ಳುವ ಮರದ ಕೆಳಗೇ ಹಾಗೆ ನಿಂತಿದ್ದಾಳಲ್ಲ ಎಂದು ನನಗೆ ಭಯ.

ಫಲಿತಾಂಶದ ಹಿಂದಿನ ಭಾನುವಾರ ಸುಜಾತ ನಮ್ಮನ್ನು ಶಿವಗಂಗೆಗೆ ಹೊರಡಿಸಿದಳು. ಬೆಟ್ಟ ಹತ್ತಿದವರಿಗೆ ಅಲ್ಲಿಯ ಒಳಕಲ್ಲು ತೀರ್ಥ ಗೊತ್ತಿರುತ್ತದೆ. ಬಂಡೆಯೊಳಗಿನ ಕುಳಿಗೆ ಕೈ ಇಳಿಬಿಡಬೇಕು, ಪುಣ್ಯವಿದ್ದವರ ಕೈಗೆ ನೀರು ಸಿಗುತ್ತದೆ ಎಂದು ನಂಬಿಕೆ. ನಮ್ಮ ಸೀಮೆಯ ಅತಿ ಹಳೆಯ ಪ್ರವೇಶ ಪರೀಕ್ಷೆ ಅದೇ ಇರಬೇಕು. ಅರ್ಜಿ ಬೇಡ, ಅಪ್ಪನ ಒಪ್ಪಿಗೆ ಬೇಡ, ಅಲ್ಲೇ ಫಲಿತಾಂಶ. ಸುಜಾತಳಿಗೆ ನೀರು ಸಿಕ್ಕಿತು. ನಾನು ಹಿಂದೆ ನಿಂತವರಿಗೆಲ್ಲ ‘ಭುಜ ಓರೆ ಮಾಡಿ, ಉಸಿರು ಬಿಟ್ಟು ಬಗ್ಗಿ’ ಎಂದು ಉಪಾಯ ಹೇಳಿಕೊಡುತ್ತಿದ್ದೆ, ಅವರಲ್ಲಿ ಕೆಲವರಿಗೆ ಸಿಕ್ಕಿತು ಕೂಡ. ನನಗೆ ಸಿಕ್ಕಿದ್ದು ಅಂಗಿಯ ತೋಳಿಗೆ ಹತ್ತಿದ ಕೆಸರು. ಲಾವಣ್ಯ ಮಾತ್ರ ಕೈ ಹಾಕಲೇ ಇಲ್ಲ.

‘ಒಂದು ರಿಸಲ್ಟ್‌ಗೇ ಕಾಯಕ್ಕಾಗ್ತಿಲ್ಲ, ಇನ್ನೊಂದ್ ಯಾಕೆ?’ ಎಂದಳು.

ಇಳಿಯುವಾಗ ಪಿಳ್ಳಪ್ಪಣ್ಣನ ಫೋನು ಬಂತು. ವಿಜಯಪುರದ ದಾರಿಯಲ್ಲಿ ಅವನ ಹೊಲದ ಬದುವಿನ ಮೇಲೆ ಎರಡು ಮರ ಇವೆ, ಆ ವರ್ಷ ನಾನು ಕಂಡ ಮರಗಳಲ್ಲೆಲ್ಲ ಒಳ್ಳೆಯವು. ಹಾಗಾಗಿಯೇ ಅವನಿಗೆ ‘ನೋಡೋಣ’ ಎಂದು ಹೇಳಿ ಬಂದಿದ್ದೆ. ನಮ್ಮ ಕಸುಬಿನ ದೊಡ್ಡ ಆಯುಧ ಅದು. ಮಾರುವವನನ್ನು ಸ್ವಲ್ಪ ಕಾಯಿಸಿದರೆ ಅವನಾಗಿಯೇ ಮೆತ್ತಗಾಗುತ್ತಾನೆ.

‘ಏನಪ್ಪಾ, ಮರದ್ದೇನ್ ಮಾಡ್ದೆ? ಇನ್ನೊಬ್ಬ ಬಂದಿದ್ದ. ನಿನಗೇ ಮೊದ್ಲು ಹೇಳಿರೋದು ಅಂತ ಕಳಿಸ್ಬಿಟ್ಟೆ ಕಣಪ್ಪಾ.’

‘ನೋಡೋಣ ತಡಿಯಣ್ಣ’ ಎಂದೆ. ಲಾವಣ್ಯ ನನ್ನನ್ನೇ ನೋಡಿದಳು.

ಶುಕ್ರವಾರ ಸಂಜೆ ಫಲಿತಾಂಶ. ಅವರೆಕಾಯಿಯ ಕಾಲ. ಸುಜಾತ ಬೇಕೆಂದೇ ದೊಡ್ಡ ಪಾತ್ರೆಯಲ್ಲಿ ಕಾಳು ನೆನೆಸಿಟ್ಟು, ಮೂವರನ್ನೂ ಹಿತಕಿದ ಬೇಳೆಗೆ ಕೂರಿಸಿದಳು. ಕಾಳನ್ನು ಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಿಮ್ಮುತ್ತದೆ. ಕಾಯುವ ಮನೆಗಳಿಗೆ ನನ್ನ ಶಿಫಾರಸು ಇದು. ಕೈ ಒದ್ದೆಯಾಗಿರುವುದರಿಂದ ಗಳಿಗೆಗೊಮ್ಮೆ ಫೋನು ಮುಟ್ಟಲಾಗುವುದಿಲ್ಲ.

ಫೋನು ಸದ್ದು ಮಾಡಿತು. ಲಾವಣ್ಯ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಓದಿದಳು. ಇನ್ನೊಮ್ಮೆ ಓದಿದಳು. 

‘ತಗೊಂಡಿಲ್ಲ. ಬೇಡ ಅಂತಾನೂ ಅಂದಿಲ್ಲ. ಮಿಕ್ಕೋರ ಅರ್ಜಿ ಜೊತೆ ಮಾರ್ಚಲ್ಲಿ ಇನ್ನೊಂದ್ಸಲ ನೋಡ್ತಾರಂತೆ.’ ಫೋನನ್ನು ಮಗುಚಿ ಇಟ್ಟಳು.

ಸುಜಾತ ಒಂದು ಕಾಳು ಹಿತುಕಿ ಹೇಳಿದಳು: ‘ನೋಡೋಣ ಅಂದವ್ರೆ ಅನ್ನು. ನಿಮ್ಮಪ್ಪನ ಥರಾನೇ.’

ಲಾವಣ್ಯ ನನ್ನ ಕಡೆ ತಿರುಗಿದಳು, ವೈದ್ಯರ ಕಡೆ ತಿರುಗುವ ಹಾಗೆ. ‘ಅಪ್ಪ, ನೀನು ನೋಡೋಣ ಅಂದ್ರೆ ತಗೊಳ್ತೀಯಾ, ಬಿಡ್ತೀಯಾ?’

ನನಗೆ ತಿಳಿದ ವಿಷಯದಲ್ಲಿ ನನ್ನನ್ನು ಯಾರಾದರೂ ಸಲಹೆ ಕೇಳಿದರೆ ನಾನು ಉಸಿರು ತೆಗೆದುಕೊಳ್ಳುವುದಿಲ್ಲ, ಶುರುಮಾಡಿಬಿಡುತ್ತೇನೆ. ‘ಬೇಡದ ಮರಕ್ಕೆ ಯಾಕಮ್ಮ ನೋಡೋಣ ಅಂತಾರೆ? ಆಸೆ ಇದ್ರೇನೇ...’

‘ಸುಳ್ಳು. ಮೊನ್ನೆ ಮರ ಮಾರೋಕೆ ಮನೆ ಹತ್ರ ಬಂದಿದ್ದೋರಿಗೆ ನೋಡೋಣ ಅಂದೆ. ಅವ್ರು ಗೇಟ್ ದಾಟ್ತಿದ್ದಂಗೆ ಆ ಮರ ಸೌದೆಗೇ ಸರಿ ಅಂದೆ.’

ಅಂದಿದ್ದೆ. ಹೇಳುವವನಿಗೆ ತನ್ನ ಮನಸ್ಸು ಗೊತ್ತಿರುತ್ತದೆ. ಕೇಳುವವನಿಗೆ ಎರಡೂ ಒಂದೇ ಥರ ಕೇಳಿಸುತ್ತವೆ. ಇಷ್ಟು ವರ್ಷ ಹೇಳುವ ಕಡೆಯೇ ನಿಂತಿದ್ದರಿಂದ ನನಗಿದು ತಿಳಿದಿರಲಿಲ್ಲ. ‘ಗೊತ್ತಾಗಲ್ಲಮ್ಮ’ ಎಂದೆ. ಸಲಹೆ ಕೇಳಿದವರಿಗೆ ನಾನು ಈ ಉತ್ತರ ಕೊಟ್ಟದ್ದನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

‘ಹೋಗ್ಲಿ, ಪಿಳ್ಳಪ್ಪಣ್ಣಂಗೆ ಅಂದ ನೋಡೋಣ ಯಾವ ಥರದ್ದು?’ ಎಂದಳು ಸುಜಾತ.

ಅದು ನನಗೆ ಗೊತ್ತಿತ್ತು. ಒದ್ದೆ ಬೆರಳಲ್ಲೇ ಫೋನು ಒತ್ತಿ, ಸ್ಪೀಕರ್ ಹಾಕಿ ನೆಲದ ಮೇಲಿಟ್ಟೆ.

‘ಪಿಳ್ಳಪ್ಪಣ್ಣ, ಆ ಎರಡು ಮರ ನಂಗೇ ಇರ್ಲಿ. ಕಾಯಿ ಬಲು ಚೆನ್ನಾಗದೆ.’

ನನ್ನ ಬಾಯಲ್ಲಿ ಕಾಯಿ ಹೊಗಳಿದ್ದನ್ನು ಅವನು ಯಾವತ್ತು ಕೇಳಿದ್ದ!

‘ಯಾಕಪ್ಪಾ, ರೇಟೇನಾದ್ರೂ ಏರೈತಾ?’

‘ಇಲ್ಲಣ್ಣ. ನಂಗೆ ಬೇಕು, ಅದಕ್ಕೆ ಹೇಳ್ದೆ.’

‘ಹಂಗಾ...’ ಎಂದು ಎಳೆದ. ಆಮೇಲೆ ಬಹಳ ನಿಧಾನವಾಗಿ ಅಂದ: ‘ನೋಡಾನ ತಡಿ. ನಮ್ಮುಡುಗನ್ನ ಒಂದ್ಮಾತು ಕೇಳಿ ಹೇಳ್ತೀನಿ.’

ಮೊದಲು ಸುಜಾತ ನಕ್ಕಳು. ಲಾವಣ್ಯ ತಡೆದುಕೊಂಡಳು, ಆಗಲಿಲ್ಲ, ಕಣ್ಣು ಒರೆಸಿಕೊಳ್ಳುತ್ತ ನಕ್ಕಳು. ಒರೆಸಿಕೊಂಡದ್ದು ನಗುವಿಗೋ ಅದಕ್ಕೆ ಮೊದಲಿನದಕ್ಕೋ ನಾನು ಕೇಳಲಿಲ್ಲ. ‘ಅವರಿಗೆ ಬರೀತೀನಪ್ಪ, ಈಗ್ಲೂ ನಂಗೆ ಅದೇ ಬೇಕು ಅಂತ. ಬೇರೆ ಕಡೆಗೂ ಹಾಕ್ತೀನಿ’ ಎಂದಳು. ಬರಿ ಎಂದೆ. ಹೇಗೆ ಬರೆಯಬೇಕೆಂದು ಹೇಳಲು ಹೊರಟವನು, ಅವಳ ಮುಖ ನೋಡಿ ಬಾಯಿ ಮುಚ್ಚಿಕೊಂಡೆ.

ಕಾಳು ಇನ್ನೂ ಅರ್ಧ ಪಾತ್ರೆ ಉಳಿದಿತ್ತು. ಇಬ್ಬರಿಗೂ ಉತ್ತರ ಬರಬೇಕು, ಅವಳಿಗೆ ಮಾರ್ಚಿನಲ್ಲಿ, ನನಗೆ ಪಿಳ್ಳಪ್ಪಣ್ಣ ತನ್ನ ಮಗನನ್ನು ಕೇಳಿದ ಮೇಲೆ. ಆದರೆ ಸಾರು ಅಂದು ರಾತ್ರಿಗೇ ಆಗಬೇಕಿತ್ತು. ಪಾತ್ರೆಯನ್ನು ನಡುವೆ ಎಳೆದುಕೊಂಡು ಇಬ್ಬರೂ ಹಿತುಕತೊಡಗಿದೆವು.